ಉಪ್ಪಿಟ್ಟು ಆರಿಸಿಕೊಟ್ಟ ಬ್ಯಾಟರಿ

ಬರೆಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಬಸ್ಸು ಕೆಂಪಗಿತ್ತು ಎಂದು ಬರೆದರೆ ನಂಬಿ, ಆಗ ಎಲ್ಲ ಬಸ್ಸುಗಳೂ ಕೆಂಪಗಿದ್ದವು. ನಾನು ಕಿಟಕಿಯ ಕಡೆ ಕೂತಿದ್ದೆ ಎಂದು ಬರೆದರೆ ಮಾತ್ರ ನಂಬಬೇಡಿ. ನನ್ನ ನೆನಪಿನಲ್ಲಿ ನಾನು ಯಾವಾಗಲೂ ಕಿಟಕಿಯ ಕಡೆಗೇ ಕೂತಿರುತ್ತೇನೆ. ನನ್ನ ತಮ್ಮನ ನೆನಪಿನಲ್ಲಿ ಅವನು ಕೂತಿರುತ್ತಾನೆ. ಇಬ್ಬರಿಗೂ ಇದ್ದದ್ದು ಒಂದೇ ಕಿಟಕಿ.

ಹೋದ ವಾರ ನೆಲ ಒರೆಸುವುದಕ್ಕೆಂದು ಒಂದು ಹಳೆಯ ಸೀರೆ ಹರಿಯುತ್ತಿದ್ದೆ. ಮಡಿಲು ಬರುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ತೂತುಗಳು, ಏಳೋ ಎಂಟೋ ಇದ್ದವು. ನುಸಿ ಹೊಡೆದಿದೆ ಅಂದುಕೊಂಡೆ. ಆಮೇಲೆ ನೆನಪಾಯಿತು. ಈ ಸೀರೆಯನ್ನು ನುಸಿ ತಿಂದದ್ದಲ್ಲ, ಬ್ಯಾಟರಿ ತಿಂದದ್ದು. ಹುನಗುಂದದಿಂದ ಬಾಗಲಕೋಟೆಯವರೆಗೆ ಮಡಿಲಲ್ಲಿ ಕೂತು, ದಾರಿಯುದ್ದಕ್ಕೂ ತಿನ್ನುತ್ತ ಬಂದಿತ್ತು.

ಆ ವರ್ಷದ ದಿನಚರಿ ನನ್ನ ಹತ್ತಿರ ಇನ್ನೂ ಇದೆ. ಧಾರವಾಡದಲ್ಲಿ ಎಂ.ಎ. ಮುಗಿಸಿ, ದಿನಚರಿ ಬರೆಯುವ ಚಟ ಹತ್ತಿಸಿಕೊಂಡು, ಬಾಗಲಕೋಟೆಯ ಮನೆಗೆ ಬಂದು ಸುಮ್ಮನೆ ಕೂತಿದ್ದ ಕಾಲ ಅದು. ಎಂಬತ್ತರ ದಶಕದ ಕೊನೆಯ ಕಡೆ. ಹುರುಪಿನಿಂದ ಆ ಪುಟ ತೆಗೆದೆ. ಹೀಗಿತ್ತು: "ಇವತ್ತು ಬ್ಯಾಟರಿ ನೋಡಲು ಹುನಗುಂದ, ಇಳಕಲ್ಲಿಗೆ ಹೋಗಿದ್ದೆವು. ಉಪ್ಪಿಟ್ಟು ಚೆನ್ನಾಗಿತ್ತು. ಮನುಷ್ಯನ ಒಂಟಿತನದ ಬಗ್ಗೆ ಬಹಳ ಹೊತ್ತು ಯೋಚಿಸಿದೆ."

ಇಷ್ಟೇ. ಎಂಬತ್ತು ಜನ ತುಂಬಿದ ಬಸ್ಸಿನಲ್ಲಿ, ಬಲಕ್ಕೆ ನನ್ನ ಅಜ್ಜಿ, ಎಡಕ್ಕೆ ಯಾರದೋ ಕೋಳಿಬುಟ್ಟಿ, ಮಡಿಲಲ್ಲಿ ಬ್ಯಾಟರಿ. ಇದರ ನಡುವೆ ಒಂಟಿತನ ನನಗೆ ಎಲ್ಲಿ ಸಿಕ್ಕಿತ್ತೋ ಗೊತ್ತಿಲ್ಲ. ಆದರೆ ಉಪ್ಪಿಟ್ಟಿನ ಮಾತು ಮಾತ್ರ ಪೂರ್ತಿ ನಿಜ. ಹಾಗೆ ನೋಡಿದರೆ ಇಡೀ ಕತೆಗೆ ಅದೇ ಕಾರಣ.

ಕಾಕಾನಿಂದ ಸುರು ಮಾಡಬೇಕು. ಕಾಕಾ ಅಂದರೆ ಅಪ್ಪನ ತಮ್ಮ, ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ. ಪುಣೆಯ ಅವನ ಗೆಳೆಯನೊಬ್ಬ ಹೊಸ ಕಂಪ್ಯೂಟರ್ ತಗೊಂಡು ಹಳೆಯದನ್ನು ಇವನಿಗೆ ದಾಟಿಸಿದ್ದ. ನೀವು ಈಗ ಅಂದುಕೊಳ್ಳುವಂಥ ಕಂಪ್ಯೂಟರ್ ಅಲ್ಲ. ಒಂದು ದಪ್ಪ ಪುಸ್ತಕದಷ್ಟು ಕರಿ ಡಬ್ಬಿ, ಮೇಲೆ ರಬ್ಬರಿನ ಗುಂಡಿಗಳು. ಅದಕ್ಕೆ ತನ್ನದೇ ಪರದೆ ಇರಲಿಲ್ಲ. ಮನೆಯ ಟಿವಿಗೆ ಆಂಟೆನಾದ ವಾಯರು ಕಿತ್ತು ಇದರ ವಾಯರು ಸಿಗಿಸಿದರೆ ಟಿವಿಯೇ ಅದರ ಪರದೆ. ಅದು ಬಂದ ದಿನ ಓಣಿಗೆ ಓಣಿಯೇ ನೋಡಲು ಬಂತು. ನನ್ನ ಅಜ್ಜಿ, ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದೆವು, ಕೊನೆಗೆ ಬಂದಳು.

"ಇದು ಏನ್ ಮಾಡತೈತೋ?"

"ಲೆಕ್ಕಾ ಮಾಡತೈತಿ, ಅವ್ವಾ."

"ಲೆಕ್ಕಾ ಮಾಡಾಕ ನೀ ಇದ್ದೀಯಲ್ಲೋ. ಹಂಗಾದ್ರ ನಿನ್ನ ಅಷ್ಟ ಓದಿಸಿದ್ದ ಯಾಕ?"

ಕಾಕಾ ಆ ಯಂತ್ರದಲ್ಲಿ ಒಂದು ದೊಡ್ಡ ಸಂಖ್ಯೆ ಕೊಟ್ಟು, ಅದು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ ಹೌದೋ ಅಲ್ಲವೋ ಎಂದು ಕೇಳುತ್ತಿದ್ದ. ಮುಂಜಾನೆ ಕೇಳಿದರೆ ಯಂತ್ರ ಸಂಜೆಯ ಹೊತ್ತಿಗೆ "ಅಲ್ಲ" ಎನ್ನುತ್ತಿತ್ತು. ಆಯಿ ಒಂದು ವಾರ ನೋಡಿದಳು.

"ಇಡೀ ದಿನ ಕರೆಂಟ್ ತಿಂದು ಅಲ್ಲ ಅನ್ನಾಕ ಇದ ಬೇಕೇನೋ? ನನ್ನ ಕೇಳಿದ್ರ ಮುಂಜಾನೆನ ಹೇಳತಿದ್ನೆಲ್ಲ."

ಯಂತ್ರಕ್ಕೆ ನಿಜವಾದ ಕೆಲಸ ಹುಡುಕಿಕೊಟ್ಟವಳು ಚಿಗವ್ವ, ಕಾಕಾನ ಹೆಂಡತಿ. ಇಳಕಲ್ಲಿನ ನೇಕಾರರ ಮನೆಯವಳು. ಅವಳ ಹತ್ತಿರ ತೀರಿಹೋದ ತಾಯಿಯ ಒಂದು ಸೀರೆ ಇತ್ತು. ಅದರ ಅಂಚಿಗಿದ್ದ ದಡಿಯಂಥ ದಡಿ ಇಳಕಲ್ಲಿನಲ್ಲಿ ಆಗಲೇ ಯಾರೂ ನೇಯುತ್ತಿರಲಿಲ್ಲ, ಗೊತ್ತಿದ್ದವರು ಹೋಗಿಬಿಟ್ಟಿದ್ದರು. ಸೀರೆಯೂ ಹೋಗುವ ದಾರಿಯಲ್ಲೇ ಇತ್ತು. ಬಿಚ್ಚಿದಾಗಲೆಲ್ಲ ಹಪ್ಪಳದ ಹಾಗೆ ಒಂದು ತುಣುಕು ಮುರಿದು ಬೀಳುತ್ತಿತ್ತು. ಅವಳ ಅಣ್ಣ ಇಳಕಲ್ಲಿನಲ್ಲಿ ಮಗ್ಗ ಇಟ್ಟಿದ್ದ. ಅವನು ಒಂದು ಮಾತು ಕೊಟ್ಟಿದ್ದ: "ಶ್ರಾವಣ ಹಿಡಿಯೂದರೊಳಗ ಇಡೀ ದಡಿ ಎಳಿ ಎಣಿಸಿ ತಂದು ಕೊಡ, ಮಗ್ಗದ ಮ್ಯಾಲ ಹಾಕತೇನಿ. ಶ್ರಾವಣ ಹಿಡೀತಂದ್ರ ನನಗ ಉಸಿರಾಡಾಕ ಪುರಸೊತ್ತಿರೂದಿಲ್ಲ, ಕೇಳಬ್ಯಾಡ."

ಎಳೆ ಎಣಿಸುವುದು, ಚೌಕ ತುಂಬುವುದು, ಇದೇ ತಾನೆ ಈ ಯಂತ್ರಕ್ಕೂ ಬರುವುದು ಎಂದು ಕಾಕಾಗೆ ಹೊಳೆಯಿತು. ಪರದೆಯ ಮೇಲೆ ಸಣ್ಣ ಸಣ್ಣ ಚೌಕ ಬರುವ ಹಾಗೆ, ಅರ್ಧ ದಡಿ ಹಾಕಿದರೆ ಉಳಿದರ್ಧ ಕನ್ನಡಿಯಲ್ಲಿ ಕಂಡಂತೆ ತಾನೇ ಮೂಡುವ ಹಾಗೆ ಏನೋ ಬರೆದ. ಆಮೇಲೆ ಇಬ್ಬರೂ ಟಿವಿಯ ಮುಂದೆ ಒಂದು ಮಣೆ ಹಾಕಿಕೊಂಡು ಕೂತರು. ಮಣೆ ಒಂದೂವರೆ ಜನಕ್ಕೆ ಸಾಲುವಂಥದ್ದು. ಕಾಕಾ ಎಳೆ ದೊಡ್ಡದಾಗಿ ಕಾಣಲೆಂದು ಬೂದಗಾಜು ಹಿಡಿದು ಸೀರೆ ಓದುವುದು, ಚಿಗವ್ವ ಗುಂಡಿ ಒತ್ತುವುದು.

"ಕರಿ ಎರಡ. ಕೆಂಪ ಒಂದ. ಕರಿ ಎರಡ. ಬಿಳಿ..."

"ಸಾವಕಾಶ ಹೇಳ್ರಿ. ಇದೇನ್ ಹಾಜರಿ ಕೂಗಾಕತ್ತೀರೇನು?"

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಹಗಲು ಹೊತ್ತಿನಲ್ಲಿ, ಹಿರಿಯರ ಎದುರಿಗೆ, ಒಂದೇ ಮಣೆಯ ಮೇಲೆ ಕೂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆಯಿಯ ಹುಬ್ಬು ಒಂದು ಸಲ ಮೇಲೆ ಹೋಯಿತು. ಆದರೆ ಇದು ಗಣಿತ. ಗಣಿತಕ್ಕೆ ಯಾರು ಏನೆಂದಾರು?

ತೊಂದರೆ ಇದ್ದದ್ದು ಕರೆಂಟಿನದು. ಹಳೇ ಬಾಗಲಕೋಟೆಯಲ್ಲಿ ಅದು ವಾರಕ್ಕೆ ಒಂದು ಸಲ ಹೇಳಿ ಹೋಗುತ್ತಿತ್ತು, ಒಂದು ಸಲ ಹೇಳದೇ ಹೋಗುತ್ತಿತ್ತು. ಹೋದ ಕ್ಷಣಕ್ಕೆ ಯಂತ್ರ ಎಲ್ಲ ಮರೆಯುತ್ತಿತ್ತು. ಕ್ಯಾಸೆಟ್ಟಿನಲ್ಲಿ ಉಳಿಸಿಡುವ ಏರ್ಪಾಟೇನೋ ಇತ್ತು. ಕ್ಯಾಸೆಟ್ಟು ಒಳಗೆ ತಗೊಂಡದ್ದು ಖರೆ, ವಾಪಸ್ ಕೊಟ್ಟದ್ದನ್ನು ಯಾರೂ ನೋಡಲಿಲ್ಲ. ಕರೆಂಟು ಹೋದರೂ ಯಂತ್ರವನ್ನು ಕಾಲು ತಾಸು ಜೀವಂತ ಇಡಲೆಂದು ಪುಣೆಯ ಗೆಳೆಯನೇ ಒಂದು ಬ್ಯಾಟರಿ ಡಬ್ಬಿಯನ್ನೂ ಕೊಟ್ಟಿದ್ದ. ಅದು ಯುಗಾದಿಯ ಬಿಸಿಲಿಗೆ ಹಲ್ಲುನೋವಿನ ಕೆನ್ನೆಯ ಹಾಗೆ ಉಬ್ಬಿ, ಕೊಳೆತ ತತ್ತಿಯ ವಾಸನೆ ಬಿಟ್ಟು ತೀರಿಕೊಂಡಿತು. ಅಲ್ಲಿಂದ ಚಿಗವ್ವನ ದಡಿ ಮುಕ್ಕಾಲು ಆಗುವುದು, ಕರೆಂಟು ಹೋಗುವುದು, ಮತ್ತೆ ಮೊದಲಿಂದ ಸುರು. ಮೊದಲ ಸಲ ಐದು ದಿನ ಹಿಡಿದದ್ದು ಆಮೇಲೆ ನಾಲ್ಕು, ಆಮೇಲೆ ಮೂರು ದಿನಕ್ಕೆ ಬಂತು. ಪ್ರತಿ ಸಲ ಸೀರೆಯ ಒಂದಿಷ್ಟು ಪುಡಿ ಕಸಬರಿಗೆಗೆ ಹೋಗುತ್ತಿತ್ತು.

ಆದಷ್ಟನ್ನು ಸಾಲು ಸಾಲಾಗಿ ಹಾಳೆಯ ಮೇಲೆ ಯಾಕೆ ಬರೆದಿಟ್ಟುಕೊಳ್ಳಲಿಲ್ಲ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. ನಮ್ಮ ಹತ್ತಿರ ಪ್ರಿಂಟರ್ ಇರಲಿಲ್ಲ. ದಡಿ ಪೂರ್ತಿಯಾದ ಮೇಲೆ ಪರದೆ ನೋಡಿಕೊಂಡು ನಾನೇ ಗೆರೆಹಾಳೆಗೆ ಇಳಿಸಬೇಕೆಂದು ನಿಶ್ಚಯವಾಗಿತ್ತು, ಪೂರ್ತಿಯಾದ ಮೇಲೆಯೇ. ಮನೆಯಲ್ಲಿ ಯೂನಿವರ್ಸಿಟಿ ಓದಿದವರು ಇಬ್ಬರಿದ್ದೆವು. ಇಬ್ಬರಿಗೂ ಬೇರೆ ದಾರಿ ಹೊಳೆಯಲಿಲ್ಲ. ಓದದವಳು ಒಬ್ಬಳು ಆಯಿ. ಅವಳು ಹೇಳಿದ್ದಳೋ ಏನೋ, ನಾವು ಕೇಳಿಸಿಕೊಳ್ಳಲಿಲ್ಲ.

ಹೊಸ ಬ್ಯಾಟರಿ ಡಬ್ಬಿ ತರಬೇಕೆಂದು ಮಾತು ಬಂದಾಗ ಆಯಿ ಮೊದಲು ಸತ್ತದ್ದನ್ನೇ ಮಾಳಿಗೆಯ ಮೇಲೆ ಇಡಲು ಹೇಳಿದಳು. ನಗಬೇಡಿ. ಎಪ್ಪತ್ತರ ದಶಕದಲ್ಲಿ, ನಾನು ಸಾಲಿಗೆ ಹೋಗುವಾಗ, ನಮ್ಮ ಮನೆಯಲ್ಲಿ ಸೆಲ್ ಎಂಬುದು ಒಂದೇ ಸಲಕ್ಕೆ ಸಾಯುತ್ತಿರಲಿಲ್ಲ. ಟಾರ್ಚಿನ ಬೆಳಕು ಮಂದವಾದರೆ, ರೇಡಿಯೋದ ದನಿ ಮೂಗಿನಿಂದ ಬರತೊಡಗಿದರೆ, ಆಯಿ ಸೆಲ್ಲುಗಳನ್ನು ತೆಗೆದು ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಒಣಗಲು ಹಾಕುತ್ತಿದ್ದಳು. ಕಾಗೆ ಕಾಯುವ ಕೆಲಸ ನನ್ನದು. ಕಾಗೆ ಸಂಡಿಗೆ ಬಿಟ್ಟು ಸೆಲ್ಲನ್ನು ಒಯ್ದದ್ದೂ ಉಂಟು. ಸಂಜೆಗೆ ಅವನ್ನು ಗದ್ದಕ್ಕೆ ಹಚ್ಚಿ ಬಿಸಿ ನೋಡಿ ರೇಡಿಯೋದೊಳಗೆ ಹಾಕಿದರೆ ವಾರ್ತೆ ಓದುವವನಿಗೆ ಮತ್ತೆ ಗಂಟಲು ಬರುತ್ತಿತ್ತು. ಹಾಗಾಗಿ ಉಬ್ಬಿದ ಡಬ್ಬಿ ಮೂರು ದಿನ ಮೆಣಸಿನಕಾಯಿಯ ಜೊತೆ ಒಣಗಿತು. ಏನೂ ಆಗಲಿಲ್ಲ. ಆ ವರ್ಷದ ಖಾರದ ಪುಡಿಗೆ ಮಾತ್ರ ಒಂದು ನಮೂನೆಯ ರುಚಿ ಇತ್ತು ಎಂದು ನನ್ನ ತಮ್ಮ ಹೇಳುತ್ತಾನೆ. ಅವನ ನೆನಪಿನ ಬಗ್ಗೆ ಮೊದಲೇ ಹೇಳಿದ್ದೇನೆ.

ಕಾಕಾ ಒಂದು ಹಾಳೆಯ ಮೇಲೆ ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆ ಬರೆದುಕೊಂಡ. ಎಷ್ಟು ನಿಮಿಷ ನಡೆಯುತ್ತದೆ? ಟಿವಿ, ಕಂಪ್ಯೂಟರ್ ಎರಡನ್ನೂ ಹೊರುತ್ತದೆಯೋ? ಮೂರನೆಯದಕ್ಕೆ ಕೆಳಗೆ ಎರಡು ಗೆರೆ: ಕರೆಂಟು ಹೋದ ಎಷ್ಟು ಹೊತ್ತಿಗೆ ಡಬ್ಬಿ ಎಚ್ಚರಾಗುತ್ತದೆ? ಅದೇ ಮುಖ್ಯ ಎಂದು ನಮಗೆಲ್ಲ ಪಾಠ ಮಾಡಿದ. ಡಬ್ಬಿ ಕಣ್ಣು ಮಿಟುಕಿಸುವಷ್ಟು ತಡ ಮಾಡಿದರೂ ಯಂತ್ರ ಎಲ್ಲ ಮರೆತುಬಿಡುತ್ತದೆ, ದಡಿ ಹೋಯಿತೆಂದೇ ಲೆಕ್ಕ.

ಆಯಿಯದು ಒಂದೇ ಕಾಯ್ದೆ. "ನಾಕ ಕಡೆ ನೋಡಲಾರದ ಏನೂ ತರಬಾರದು. ನಿನಗ ಹೆಣ್ಣ ನೋಡಿದಾಗ ನಾಕನೇ ಕಡೆ ಇಕಿ ಸಿಕ್ಕಳು. ಮೂರಕ್ಕ ನಿಂತಿದ್ರ?"

ಚಿಗವ್ವ ಒಳಗಿನಿಂದ, "ಹೌದ್ರಿ, ಆ ಮೂರೂ ಮಂದಿ ಪಾರಾದ್ರು," ಅಂದಳು.

ಬ್ಯಾಟರಿ ನೋಡುವುದಕ್ಕೆ ನಾವು ಹೋದದ್ದೂ ಹೆಣ್ಣು ನೋಡುವುದಕ್ಕೆ ಹೋದ ಹಾಗೆಯೇ: ಆಯಿ, ಕಾಕಾ, ಚಿಗವ್ವ, ನಾನು, ಕೈಚೀಲದಲ್ಲಿ ಬಾಳೆಹಣ್ಣು. ಮೊದಲು ಬಾಗಲಕೋಟೆಯ ಪೇಟೆಯಲ್ಲೇ ಒಂದು ಅಂಗಡಿ. ಅಲ್ಲಿ ಕಂಪನಿಯ ಡಬ್ಬಿ, ಬಿಳಿ ಬಣ್ಣ, ನೀರು ಹಾಕುವ ಕೆಲಸವಿಲ್ಲ. ಅಂಗಡಿಯವನು ಒಂದು ಬಲ್ಬು ಹಚ್ಚಿ, ಗೋಡೆಯ ಪಿನ್ನು ಕಿತ್ತು ತೋರಿಸಿದ, ಬೆಳಕು ಕದಲಲಿಲ್ಲ. ಕಾಕಾನ ಮುಖ ಅರಳಿತು. ಆಯಿ ಡಬ್ಬಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟಳು.

"ಒಳಗ ಏನೂ ಇಲ್ಲ. ಹಗರ ಐತಿ."

"ಅವ್ವಾ, ಹಗರ ಇದ್ರ ಚೊಲೋನ ಅಲ್ಲೇನು?"

"ಹಂಗಾರ ಜ್ವಾಳಾ ತರುಮುಂದ ಹಗರ ಚೀಲಾ ತಗೊಂಡ ಬಾ, ನೋಡೂಣು. ಮತ್ತ ಇವಾ ನಮ್ಮನ್ನ ಕೂಡ್ರಿ ಅನ್ನಲಿಲ್ಲ."

ಎರಡನೆಯದು ಬಾದಾಮಿ. ಅಲ್ಲಿಯ ಫೋಟೋ ಸ್ಟುಡಿಯೋದವನೊಬ್ಬ ತನ್ನ ಡಬ್ಬಿ ಮಾರುವವನಿದ್ದ. ತೂಕ ಇತ್ತು. ಕೂಡ್ರಿ ಅಂದ. ಗುಡ್ಡದ ಚಿತ್ರವಿರುವ ಪರದೆಯ ಮುಂದೆ ನಾವು ನಾಲ್ವರೂ ಸಾಲಾಗಿ ಕೂತೆವು, ಫೋಟೋಕ್ಕೆ ಕೂತವರ ಹಾಗೆ. ಕಾಕಾ ಪ್ರಶ್ನೆಯ ಹಾಳೆ ಬಿಚ್ಚಿದ. ಅಷ್ಟರಲ್ಲಿ ಕಿಟಕಿಯಿಂದ ಒಂದು ಮಂಗ ಇಳಿದು, ಯಾವ ಗಡಿಬಿಡಿಯೂ ಇಲ್ಲದೆ, ಮೊದಲು ಬಾಳೆಹಣ್ಣಿನ ಚೀಲ ತಗೊಂಡಿತು. ಹೋಗುತ್ತ ಹೋಗುತ್ತ ಏನೋ ನೆನಪಾದವರ ಹಾಗೆ ತಿರುಗಿ ಬಂದು ಕಾಕಾನ ಕೈಯ ಹಾಳೆಯನ್ನೂ ತಗೊಂಡಿತು. ಎದುರು ಮಾಳಿಗೆಯ ಮೇಲೆ ಕೂತು ಹಣ್ಣು ತಿನ್ನುವ ಮೊದಲು ಹಾಳೆಯನ್ನೇ ತಿಂದಿತು. ಹಾಳೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ವಾಸನೆ ಇದ್ದಿರಬೇಕು.

"ಅದಕ್ಕ ಬ್ಯಾಡಾಗೇತಿ," ಎಂದು ಆಯಿ ಎದ್ದಳು.

ಸ್ಟುಡಿಯೋದವನು ಗಾಬರಿಯಾದ. "ಆಯಾರ, ಮಂಗ್ಯಾ ಇಲ್ಲೆ ದಿನಾ ಬರತಾವ್ರಿ."

"ದಿನಾ ಬಂದು ಬ್ಯಾಡ ಅಂತ ಹೇಳಿದ್ರೂ ಇಟಗೊಂಡೀಯಲ್ಲೋ ತಮ್ಮಾ."

ಹೊರಗೆ ಬಂದ ಮೇಲೆ ಕಾಕಾ, "ಪ್ರಶ್ನಾ ನನ್ನ ತಲಿಯೊಳಗ ಅದಾವ, ಹಾಳಿ ಹೋದ್ರ ಹೋಗಲಿ," ಅಂದ. ಈ ಮಾತನ್ನು ಅವನು ಖಂಡಿತ ಅಂದ. ನಾನು ಆಣೆ ಮಾಡಿ ಹೇಳಬಲ್ಲ ಒಂದೆರಡು ಸಂಗತಿಗಳಲ್ಲಿ ಇದು ಒಂದು.

ಆಷಾಢ ಅರ್ಧ ಕಳೆದಿತ್ತು. ಉಳಿದ ಎರಡೂ ಕಡೆ ಒಂದೇ ದಿನ ಮುಗಿಸಬೇಕೆಂದು ಮುಂಜಾನೆಯ ಬಸ್ಸು ಹತ್ತಿದೆವು. ಶಿರೂರು ದಾಟುವವರೆಗೆ ಕಾಕಾ ಕಣ್ಣು ಮುಚ್ಚಿ ಮೂರು ಪ್ರಶ್ನೆಗಳನ್ನು ಜಪ ಮಾಡುತ್ತಿದ್ದ. ಹುನಗುಂದದಲ್ಲಿ ಮಾಂತಪ್ಪ ಎಂಬವನು ತನ್ನ ಮನೆಯಲ್ಲೇ ಡಬ್ಬಿ ಮಾಡುತ್ತಿದ್ದ. ರೇಡಿಯೋ, ಮಿಕ್ಸರ್ ರಿಪೇರಿ ಮಾಡುತ್ತ ಕಲಿತ ವಿದ್ಯೆ. ಅವನ ಡಬ್ಬಿ ನೋಡಲು ತಿಜೋರಿಯ ಹಾಗಿತ್ತು, ಯಾಕೆಂದರೆ ತಿಜೋರಿ ಮಾಡುವವನ ಹತ್ತಿರವೇ ತಗಡು ಬಡಿಸುತ್ತಿದ್ದ. ಹಸಿರು ಬಣ್ಣ, ಮೇಲೆ ಕಮಲದ ಹೂವು. ಪಕ್ಕದಲ್ಲಿ ಕಾರಿನದೊಂದು ಬ್ಯಾಟರಿ. ಆಯಿ ಎತ್ತಲು ನೋಡಿದಳು, ಆಗಲಿಲ್ಲ. ಅವಳ ಕಣ್ಣಲ್ಲಿ ಗೌರವ ಮೂಡಿತು.

"ಕೂಡ್ರಿ, ಕೂಡ್ರಿ ಆಯಾರ," ಎಂದು ಮಾಂತಪ್ಪ ಕಂಬಳಿ ಹಾಸಿದ. ಕಾಕಾ ಮೊದಲ ಎರಡು ಪ್ರಶ್ನೆ ಕೇಳಿದ. ಒಂದು ತಾಸು ನಡೆಯುತ್ತದೆ, ಟಿವಿ ಕಂಪ್ಯೂಟರ್ ಅಷ್ಟೇ ಅಲ್ಲ, ಮ್ಯಾಲೊಂದು ಫ್ಯಾನನ್ನೂ ಹೊರುತ್ತದೆ ಅಂದ. ಮೂರನೆಯ ಪ್ರಶ್ನೆಗೆ ಅವನು ಉತ್ತರ ಹೇಳಲಿಲ್ಲ. "ಹೇಳೂದೇನ್ರಿ ಸರ, ತೋರಸತೇನಿ," ಎಂದು ಒಂದು ಬಲ್ಬು ಹಚ್ಚಿದ. "ಈಗ ಪಿನ್ ಕೀಳತೇನಿ. ಬಲ್ಬನ ನೋಡ್ರಿ. ಕಣ್ಣ ಪಿಳುಕಸಬ್ಯಾಡ್ರಿ."

ನಾಲ್ವರೂ ಬಲ್ಬನ್ನೇ ನೋಡಿದೆವು. ಆಗಲೇ ಅವನ ಹೆಂಡತಿ ಒಳಗಿನಿಂದ ಉಪ್ಪಿಟ್ಟಿನ ತಾಟು ಹಿಡಿದು ಬಂದಳು.

ಅದು ಎಂಥ ಉಪ್ಪಿಟ್ಟು ಎಂದು ವರ್ಣಿಸಲು ನನ್ನ ಎಂ.ಎ. ಸಾಲದು. ಶೇಂಗಾ ಇತ್ತು, ಹಸಿಮೆಣಸಿನಕಾಯಿ ಕರಕಲಾಗಿತ್ತು, ಮೇಲೆ ಹಸಿ ಕೊಬ್ಬರಿ, ಬದಿಗೊಂದು ಲಿಂಬೆಯ ಹೋಳು. ಆವಿ ಏಳುತ್ತಿತ್ತು. ಮುಂಜಾನೆ ಆರರಿಂದ ನಾವು ಏನೂ ತಿಂದಿರಲಿಲ್ಲ. ನಾಲ್ಕು ಜೋಡಿ ಕಣ್ಣು ಬಲ್ಬು ಬಿಟ್ಟು ತಾಟಿಗೆ ಹೋದವು. ತಿರುಗಿ ಬರುವುದರೊಳಗೆ ಮಾಂತಪ್ಪ ಪಿನ್ನು ಕಿತ್ತಾಗಿತ್ತು, ಬಲ್ಬು ಉರಿಯುತ್ತಲೇ ಇತ್ತು.

"ನೋಡಿದ್ರೆಲ್ಲ?" ಅಂದ.

ಕಾಕಾ ಬಾಯಿ ತೆರೆದ. ಇನ್ನೊಮ್ಮೆ ತೋರಿಸು ಅನ್ನುವವನಿದ್ದನೆಂದೇ ನನ್ನ ನಂಬಿಕೆ. ಆದರೆ ಬಾಯಿಯಲ್ಲಿ ಉಪ್ಪಿಟ್ಟಿತ್ತು. ನುಂಗುವಷ್ಟರಲ್ಲಿ ಮಾಂತಪ್ಪನ ಹೆಂಡತಿ ಆಯಿಗೆ ಎರಡನೆಯ ಸಲ ಬಡಿಸಿ ಆಗಿತ್ತು.

ಅಲ್ಲಿಂದ ಇಳಕಲ್ಲಿಗೆ ಬಂದೆವು. ಕೆಂಪು ಕಲ್ಲಿನ ಕ್ವಾರಿಗಳಿಗೆ ಸಾಮಾನು ಕೊಡುವ ಅಂಗಡಿಯವನ ಹತ್ತಿರ ನಾಲ್ಕನೆಯ ಡಬ್ಬಿ. ಅದು ಎಲ್ಲಕ್ಕಿಂತ ಚೊಲೋ ಇತ್ತು. ಹತ್ತು ಸಲ ಪಿನ್ನು ಕಿತ್ತರೂ ಬಲ್ಬು ಹಂದಾಡಲಿಲ್ಲ. ಈ ಸಲ ಕಾಕಾ ಹತ್ತೂ ಸಲ ನೋಡಿದ. ತೂಕವೂ ಇತ್ತು. ಅಂಗಡಿಯವನು ಕುರ್ಚಿ ಕೊಟ್ಟ, ಚಹಾ ತರಿಸಿದ. ಆಯಿ ಚಹಾ ಮುಟ್ಟಲಿಲ್ಲ.

"ಅವ್ವಾ, ಇದ ತಗೊಳ್ಳೂಣು."

"ಹುನಗುಂದದಾಗ ಉಪ್ಪ ತಿಂದ ಬಂದೇವಿ."

"ಅದು ಉಪ್ಪಿಟ್ಟ ಅವ್ವಾ! ಬ್ಯಾಟರಿಗೂ ಅದಕ್ಕೂ ಏನ್ ಸಂಬಂಧ?"

"ಉಪ್ಪಿಟ್ಟಿನಾಗ ಉಪ್ಪ ಇಲ್ಲೇನು? ಆಕಿ ಎರಡ ಸಲ ಹಾಕ್ಯಾಳ. ತಿಂದು ಕೈ ತೊಳಕೊಂಡು, ಮತ್ತೊಬ್ಬರ ಅಂಗಡಿ ಮೆಟ್ಟಲಾ ಹತ್ತಿದ್ದ ತಪ್ಪ. ಹೆಣ್ಣಿನ ಮನ್ಯಾಗ ಉಂಡು ಬ್ಯಾಡ ಅಂದ್ರ ಏನ್ ಅಂತಾರ?"

ಕಾಕಾ ಹೆಂಡತಿಯ ಮುಖ ನೋಡಿದ. ದಡಿ ಅವಳದು, ಸೀರೆ ಅವಳ ತಾಯಿಯದು, ಊರೂ ಅವಳದೇ. ಅವಳು ಒಂದು ಮಾತು ಅಂದಿದ್ದರೆ ಆಯಿ ಬಗ್ಗುತ್ತಿದ್ದಳೇನೋ. ಚಿಗವ್ವ ಸೆರಗು ಸರಿ ಮಾಡಿಕೊಂಡು, "ಅತ್ತಿಯಾರು ಹೇಳಿದ್ದ ಖರೆ ಐತ್ರಿ. ಉಪ್ಪಿಟ್ಟ ಭಾಳ ಚೊಲೋ ಇತ್ತು," ಅಂದಳು.

ವಾಪಸ್ ಬರುವಾಗ ಹುನಗುಂದದಲ್ಲಿ ಇಳಿದು ಹಸಿರು ತಿಜೋರಿಯನ್ನು ಬಸ್ಸಿನ ಸೀಟಿನ ಕೆಳಗೆ ತುರುಕಿ, ಬ್ಯಾಟರಿಯನ್ನು ನನ್ನ ಮಡಿಲಿಗೆ ಕೊಟ್ಟರು. ಕಂಡಕ್ಟರ್ ಬಂದ.

"ಇದಕ್ಕ ಅರ್ಧಾ ಟಿಕೆಟ್ ಆಗತೈತ್ರಿ."

"ಮಡಲಾಗಿನ ಕೂಸಿಗೆ ಯಾರ ಟಿಕೆಟ್ ಕೇಳತಾರೋ?" ಎಂದು ಆಯಿ.

"ವಯಸ್ಸೆಷ್ಟ್ರಿ ಕೂಸಿಂದು?"

"ಇವತ್ತ ಹುಟ್ಟೇತಿ."

ಕಂಡಕ್ಟರ್ ಬ್ಯಾಟರಿಯನ್ನು ನೋಡಿದ. "ತಾಯಿನ್ನ ಹೋಲತೈತ್ರಿ," ಎಂದು ನನ್ನ ಕಡೆ ನೋಡಿ ಮುಂದೆ ಹೋದ. ಬಸ್ಸು ಕುಪ್ಪಳಿಸಿದಾಗಲೆಲ್ಲ ಬ್ಯಾಟರಿಯ ಮುಚ್ಚಳದಿಂದ ಆಸಿಡ್ ಹನಿಹನಿಯಾಗಿ ಸೀರೆಗೆ ಇಳಿಯುತ್ತಿದ್ದುದು ನನಗೆ ಗೊತ್ತಾಗಲಿಲ್ಲ. ನಾನು ಒಂಟಿತನದ ಬಗ್ಗೆ ಯೋಚಿಸುತ್ತಿದ್ದೆ.

ಗುರುವಾರ ಡಬ್ಬಿ ಹೂಡಿದೆವು. ಶುಕ್ರವಾರ ಚಿಗವ್ವ ಮತ್ತೆ ಮೊದಲ ಚೌಕದಿಂದ ಸುರು ಮಾಡಿದಳು. ಪಿನ್ನು ಕಿತ್ತು ಒಮ್ಮೆ ಪರೀಕ್ಷೆ ಮಾಡೋಣ ಎಂದು ಕಾಕಾ ಹೊರಟರೆ ಆಯಿ, "ಇದ್ದ ಕರೆಂಟ್ ಕೈಯಾರ ತಗೀತಾರೇನೋ ಯಾರರೆ?" ಎಂದು ತಡೆದಳು. ತಾನಾಗಿ ಹೋಗಲಿ ಎಂದು ಕಾದೆವು. ಕರೆಂಟು ಯಾವಾಗ ಹೋದೀತು ಎಂದು ಬಾಗಲಕೋಟೆಯಲ್ಲಿ ಯಾರಾದರೂ ಕಾದದ್ದು ಅದೇ ಮೊದಲು. ನಮ್ಮನ್ನು ಸತಾಯಿಸಲೆಂದೇ ಅದು ಮೂರು ದಿನ ಹೋಗಲಿಲ್ಲ. ಸೀರೆ ಈಗ ಅಲ್ಲಲ್ಲಿ ಬರೀ ಜಾಳಿಗೆಯಾಗಿತ್ತು. ಕಾಕಾ ಬೂದಗಾಜು ಹಿಡಿದು "ಕರಿ ಮೂರ" ಅಂದರೆ ಚಿಗವ್ವ ಸೀರೆಯ ಕಡೆ ತಿರುಗದೆಯೇ "ನಾಕ್ರಿ" ಎನ್ನುತ್ತಿದ್ದಳು. ಎಣಿಸಿ ನೋಡಿದರೆ ನಾಕೇ. ರವಿವಾರ ಮುಂಜಾನೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕೊನೆಯ ಸಾಲು ಉಳಿದಿತ್ತು.

ರವಿವಾರ ಒಂಬತ್ತು ಗಂಟೆ ಅಂದರೆ ಟಿವಿಯಲ್ಲಿ ದೇವರ ಕತೆ. ಓಣಿಯ ಮೂವತ್ತು ನಲವತ್ತು ಜನ ಆಗಲೇ ಪಡಸಾಲೆಯಲ್ಲಿ ಕೂತಾಗಿತ್ತು. ಆಯಿ ಊದಿನಕಡ್ಡಿ ಹಿಡಿದು ನಿಂತಿದ್ದಳು. ಎಲ್ಲರೂ ಪರದೆಯ ಮೇಲಿನ ದಡಿಯನ್ನು ನೋಡುತ್ತ ಸಲಹೆ ಕೊಡುತ್ತಿದ್ದರು.

"ಆ ಮೂಲ್ಯಾಗ ಒಂದ ನವಿಲ ಹಾಕವಾ."

"ಇದ ಯಾವ ದೇವರದು, ಇನ್ನೂ ಮಾರಿ ತೋರಸವಲ್ಲರು?"

"ಜಲ್ದಿ ಮುಗಸಬೇ, ಟೈಮ್ ಆತು."

ಚಿಗವ್ವ ಕೊನೆಯ ಸಾಲಿನ ಅರ್ಧದಲ್ಲಿದ್ದಳು. ಕರೆಂಟು ಹೋಯಿತು.

ಫ್ಯಾನು ನಿಂತಿತು. ಟಿವಿ ಕರ್ರಗಾಯಿತು. ಮೂಲೆಯಲ್ಲಿ ಹಸಿರು ತಿಜೋರಿ ಒಂದು ಸಲ "ಟಕ್" ಅಂತು, ಗುಂಯ್ಯೆಂದು ಹಾಡತೊಡಗಿತು, ಟಿವಿ ಮತ್ತೆ ಬೆಳಗಿತು. "ಬಂತೋ, ಬಂತು!" ಎಂದು ಪಡಸಾಲೆಯೇ ಎದ್ದು ಚಪ್ಪಾಳೆ ತಟ್ಟಿತು. ಇಡೀ ಊರಲ್ಲಿ ಕರೆಂಟಿಲ್ಲದಾಗ ನಮ್ಮ ಟಿವಿ ಒಂದೇ ಜೀವಂತ. ಯಾರೋ ಕಾಕಾನ ಬೆನ್ನು ಚಪ್ಪರಿಸಿದರು. ಆಯಿ ಊದಿನಕಡ್ಡಿಯನ್ನು ಮೊದಲು ತಿಜೋರಿಗೆ ಬೆಳಗಿದಳು.

ಪರದೆ ಬೆಳ್ಳಗಿತ್ತು, ಯಂತ್ರವನ್ನು ಹೊಸದಾಗಿ ಹಚ್ಚಿದಾಗ ಇರುವ ಹಾಗೆ. ಟಕ್ ಎನ್ನುವಷ್ಟು ಹೊತ್ತಿನಲ್ಲಿ ಅದು ಎಲ್ಲ ಮರೆತಿತ್ತು.

ಆ ಗದ್ದಲದಲ್ಲಿ ಅದನ್ನು ನೋಡಿದವರು ಮೂವರೇ. ಕಾಕಾನ ಬಾಯಿ ತೆರೆದೇ ಇತ್ತು, ಈ ಸಲ ಉಪ್ಪಿಟ್ಟಿಲ್ಲದೆ. ಚಿಗವ್ವ ಎರಡು ಗಳಿಗೆ ಪರದೆ ನೋಡಿದಳು. ಆಮೇಲೆ ಎದ್ದು ಕಂಪ್ಯೂಟರಿನ ವಾಯರು ಕಿತ್ತು ಆಂಟೆನಾದ ವಾಯರು ಸಿಗಿಸಿ, "ನೋಡ್ರಿ ಅತ್ತಿಯಾರ, ಸುರು ಆತು," ಅಂದಳು. ಮಾಂತಪ್ಪನ ಕರೆಂಟಿನಲ್ಲಿ ದೇವರುಗಳು ಗಾಳಿಗೆ ಹಾಕಿದ ಧೋತರದ ಹಾಗೆ ತೇಲಾಡುತ್ತಿದ್ದರು. ಯಾರೂ ತಕರಾರು ಮಾಡಲಿಲ್ಲ. ಕತೆ ಮುಗಿದು, ಜಾಹೀರಾತು ಮುಗಿದು, ಡಬ್ಬಿ ಇನ್ನೂ ಹತ್ತು ನಿಮಿಷ ನಡೆಯಿತು. ಮೊದಲ ಎರಡು ಪ್ರಶ್ನೆಗಳಿಗೆ ಮಾಂತಪ್ಪ ಕೊಟ್ಟ ಉತ್ತರ ನೂರಕ್ಕೆ ನೂರು ಸರಿ ಇತ್ತು.

ಕಾಕಾ ಆ ದಿನ ಊಟ ಮಾಡಲಿಲ್ಲ. ಸೀರೆಯನ್ನು ಇನ್ನೊಮ್ಮೆ ಬಿಚ್ಚಲು ಹೋದ. ಕೈಯಲ್ಲಿ ಒಂದು ಹಿಡಿ ದಾರ ಬಂತು. ಶ್ರಾವಣಕ್ಕೆ ಎಂಟು ದಿನ ಉಳಿದಿತ್ತು. "ನಾ ಆ ಬಲ್ಬ ನೋಡಬೇಕಾಗಿತ್ತು," ಎಂದು ಅವನು ಮೂರು ದಿನ ಮನೆತುಂಬ ಹೇಳಿಕೊಂಡು ತಿರುಗಿದ. ಗಣಿತದ ಮೇಷ್ಟರು ಬಲ್ಬು ನೋಡುವುದನ್ನು ಬಿಟ್ಟು ಉಪ್ಪಿಟ್ಟು ನೋಡಿದ್ದನ್ನು ತಾನೇ ಕ್ಷಮಿಸಿಕೊಳ್ಳಲು ಅವನಿಂದ ಆಗಲಿಲ್ಲ. ನಾನೂ ಉಪ್ಪಿಟ್ಟನ್ನೇ ನೋಡಿದ್ದೆ, ಕಾಕಾ ಎಂದು ಸಮಾಧಾನ ಹೇಳಿದೆ. ಅವನಿಗೆ ಅದರಿಂದ ಏನೂ ಆದಂತೆ ಕಾಣಲಿಲ್ಲ.

ನಾಲ್ಕನೆಯ ದಿನ ಚಿಗವ್ವ, "ಅಣ್ಣನ್ನ ಮಾತಾಡಿಸಿಕೊಂಡ ಬರತೇನ್ರಿ," ಎಂದು ಇಳಕಲ್ಲಿಗೆ ಹೋದಳು. ಎರಡು ದಿನ ಇದ್ದು ಬಂದಳು. ಬಂದವಳೇ ಒಲೆ ಹೊತ್ತಿಸಿದಳು. ಶ್ರಾವಣದ ನಡುವೆ ಅವಳ ಅಣ್ಣ ಬಾಗಲಕೋಟೆಗೆ ಬಂದ. ಚೀಲದಿಂದ ಒಂದು ಸೀರೆ ತೆಗೆದು ಆಯಿಯ ಮುಂದೆ ಬಿಚ್ಚಿದ. ಅದೇ ದಡಿ. ಕೊನೆಯ ಸಾಲೂ ಇತ್ತು.

ಕಾಕಾ ಕನ್ನಡಕ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. "ಇಕಿ ಹಾಳಿ ತಂದಿದ್ಲೇನು?"

"ಎಲ್ಲೀ ಹಾಳೀರಿ, ಭಾವಾರ? ಬಂದಾಕಿನ ಮಗ್ಗದ ದಂಡಿಗೆ ಕೂತು, ಪದಾ ಹೇಳಿದಂಗ ಹೇಳಿಕೊಂತ ಹೋದ್ಲು. ಕರಿ ಎರಡ, ಕೆಂಪ ಒಂದ. ನಾ ಬರಕೊಂಡ್ನಿ. ಎಲ್ಲೂ ನಿಲ್ಲಲಿಲ್ಲ, ಒಂದ ಎಳಿ ತಪ್ಪಲಿಲ್ಲ."

ಕಾಕಾ ಬೂದಗಾಜು ತಂದು ದಡಿಯ ಮುಂದೆ ಕೂತ. ಒಂದು ತಾಸು ಎಣಿಸಿ ಎದ್ದಾಗ ಅವನ ಮುಖ ಹಬ್ಬದ ಹಾಗಿತ್ತು. "ಅವ್ವಾ, ನೋಡಿದ್ಯಾ? ಕಂಪ್ಯೂಟರ್ ಇಲ್ಲಂದ್ರ ಇದು ಆಗತಿತ್ತೇನು?"

ಆಯಿ ಸೊಸೆಯ ಕಡೆ ನೋಡಿದಳು. ಸೊಸೆ ಒಲೆಯ ಕಡೆ ನೋಡುತ್ತಿದ್ದಳು.

ಹಳೇ ಬಾಗಲಕೋಟೆಯ ಆ ಪಡಸಾಲೆಯ ಮೇಲೆ ಈಗ ಅಣೆಕಟ್ಟಿನ ಹಿನ್ನೀರು ನಿಂತಿದೆ. ಆಯಿ ಇಲ್ಲ. ಕಾಕಾ, ಚಿಗವ್ವ ನವನಗರದಲ್ಲಿದ್ದಾರೆ. ತೂತಿನ ಸೀರೆ ಸಿಕ್ಕ ಮರುದಿನವೇ ನಾನು ಅಲ್ಲಿಗೆ ಹೋದೆ. ಬರೆಯುವುದಿದ್ದರೆ ಒಂದಾದರೂ ಸಂಗತಿ ಸರಿಯಾಗಿ ತಿಳಿದಿರಲಿ ಎಂಬ ಆಸೆ. ಚಿಗವ್ವ ಅಡುಗೆಮನೆಯ ಹೊಸ್ತಿಲ ಬಳಿ, ಒಂದೂವರೆ ಜನಕ್ಕೆ ಸಾಲುವ ಅದೇ ಮಣೆಯ ಮೇಲೆ ಕೂತು ಮೆಂತೆಪಲ್ಲೆ ಸೋಸುತ್ತಿದ್ದಳು. ಒಳಕೋಣೆಯಲ್ಲಿ ಕಾಕಾ ಮುಖದ ಮೇಲೆ ಪೇಪರು ಹಾಕಿಕೊಂಡು ಮಲಗಿದ್ದ.

"ಚಿಗವ್ವಾ, ಖರೆ ಹೇಳು. ಆ ದಡಿ ನಿನಗ ಬಾಯಿಪಾಠ ಆಗಿದ್ದ ಯಾವಾಗ? ನಾವು ಹುನಗುಂದಕ್ಕ ಹೋಗೂಕಿಂತ ಮೊದಲೋ, ಆಮ್ಯಾಲೋ?"

ಅವಳು ಒಂದು ಎಲೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು, ಅದರಲ್ಲಿ ಹುಳ ಕಂಡವರ ಹಾಗೆ. ಆಮೇಲೆ ಒಳಕೋಣೆಯ ಕಡೆ ಕತ್ತು ಹೊರಳಿಸಿ, "ಮೆಲ್ಲಕ ಕೇಳಬೇ, ಅವರು ಮಲಗ್ಯಾರ," ಅಂದಳು.

ನಾನು ಮೆಲ್ಲಗೆ ಇನ್ನೊಂದು ಸಲ ಕೇಳಿದೆ.